ಸಿಳ್ಳೆ ನಿಂತರೆ ಓಡುವ ಸಿಸ್ಟರ್

ಬೆಳಗಿನ ಬಿಸಿಲು ಇನ್ನೂ ಕಿಟಕಿಯ ಸರಳು ದಾಟಿಲ್ಲ. ಗಂಡಸರ ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಗೊರಕೆ, ಕೆಮ್ಮು, ಆಕ್ಸಿಜನ್ ಬಾಟಲಿಯ ಗುಳುಗುಳು. ಅವರ ಕಿವಿ ಮೊದಲು ಒಳಗೆ ಹೋಗುತ್ತದೆ, ಕಾಲು ಆಮೇಲೆ.

ಗೋಡೆ ಬದಿಯ ಮಂಚದಲ್ಲಿ ಉಬ್ಬಸ ಹೆಚ್ಚಾಗಿ ಸೇರಿದ ಬಸ್ ಡ್ರೈವರ್. ಅವರ ಹೆಂಡತಿ ತುಟಿಯ ಮೇಲೆ ಬೆರಳಿಡುತ್ತಾರೆ. "ಮೆಲ್ಲಗೆ ಸಿಸ್ಟರ್. ಈಗಷ್ಟೇ ಎದೆ ಸಿಳ್ಳೆ ನಿಂತಿದೆ, ಕಣ್ಣು ಮುಚ್ಚಿದ್ದಾರೆ."

ಸಿಸ್ಟರ್ ಮುಖದ ನಗು ಅಲ್ಲೇ ಆರುತ್ತದೆ. ಡ್ರೈವರ್ ತುಟಿ ನೀಲಿಗಟ್ಟಿದೆ, ಕತ್ತಿನ ಬುಡದ ಗುಳಿ ಒಳಕ್ಕೆ ಎಳೆಯುತ್ತಿದೆ. ಹೆಸರು ಕೇಳಿದರೆ ಒಂದಕ್ಷರವೂ ಹೊರಡುವುದಿಲ್ಲ. ಸ್ಟೆತಾಸ್ಕೋಪ್ ಇಟ್ಟರೆ ಎದೆ ನಿಶ್ಶಬ್ದ. ಸಿಳ್ಳೆ ಹೊಡೆಯುವಷ್ಟು ಗಾಳಿಯೂ ಒಳಗೆ ಓಡಾಡುತ್ತಿಲ್ಲ.

"ಡಾಕ್ಟ್ರನ್ನ ಕರೀರಿ, ಈಗ್ಲೇ!" ಎನ್ನುತ್ತಲೇ ತೋಳು ಕೊಟ್ಟು ಡ್ರೈವರನ್ನು ನೆಟ್ಟಗೆ ಕೂರಿಸುತ್ತಾರೆ. ಬೆನ್ನಿಗೆ ದಿಂಬು, ಮುಖಕ್ಕೆ ಮಾಸ್ಕ್, ಆಕ್ಸಿಜನ್ ಜೊತೆಗೇ ನೆಬುಲೈಸರ್ ಔಷಧ. ಡಾಕ್ಟರ್ ಓಡಿಬಂದು ಚುಚ್ಚುಮದ್ದು ಹೇಳುವಷ್ಟರಲ್ಲಿ ಸಿಸ್ಟರ್ ಕೈಯ ನರಕ್ಕೆ ಸೂಜಿ ಕೂರಿಸಿಯಾಗಿದೆ. ಐಸಿಯುಗೂ ಸುದ್ದಿ ಹೋಗಿದೆ. "ನನ್ನನ್ನೇ ನೋಡಿ. ನಿಧಾನಕ್ಕೆ ಉಸಿರು ಬಿಡಿ. ನಾನೆಲ್ಲೂ ಹೋಗಲ್ಲ," ಎನ್ನುತ್ತಾರೆ ಸಿಸ್ಟರ್.

ಬಹಳ ಹೊತ್ತಿನ ಮೇಲೆ ಎದೆಯಲ್ಲಿ ಸಿಳ್ಳೆ ಮರಳುತ್ತದೆ. ಹೆಂಡತಿಗೆ ಮತ್ತೆ ಗಾಬರಿ. "ಕೂಗ್ಲಿ ಬಿಡಮ್ಮ, ಗಾಳಿ ದಾರಿ ಹಿಡೀತು," ಎಂದು ಸಿಸ್ಟರ್ ಅವರ ಬೆನ್ನು ಸವರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಡ್ರೈವರ್ ಬಾಯಿಂದ ಮೊದಲ ಪೂರ್ತಿ ವಾಕ್ಯ ಬರುತ್ತದೆ, ಅದೂ ಹೆಂಡತಿಗೆ: "ನನ್ನ ಕನ್ನಡಕ ಎಲ್ಲಿಟ್ಟು ಸಾಯಿಸಿದೀಯೆ?" ಇಡೀ ವಾರ್ಡ್ ನಗುತ್ತದೆ.

ಉಬ್ಬಸ ಸಿಸ್ಟರ್‌ಗೆ ಪುಸ್ತಕದಿಂದ ಬಂದ ವಿದ್ಯೆಯಲ್ಲ. ಅಪ್ಪ ಹಾಸಿಗೆ ಹೊಲಿಯುತ್ತಿದ್ದರು. ಒಂದೇ ಕೋಣೆಯ ಮನೆ, ಅದರ ತುಂಬ ಹತ್ತಿಯ ಧೂಳು. ಮಗಳಿಗೆ ದಮ್ಮು ಹತ್ತಿತೆಂದು ಅಪ್ಪ ಹತ್ತಿ ಮೂಟೆಗಳನ್ನೆಲ್ಲ ಜಗಲಿಗೆ ಸಾಗಿಸಿ, ಚಳಿಯಲ್ಲೂ ಅಲ್ಲೇ ಕೂತು ಹೊಲಿದರು. ನರ್ಸಿಂಗ್ ಶಾಲೆಯ ಗೆಳತಿಯರು ಇಟ್ಟ ಹೆಸರು 'ಸಿಳ್ಳೆ'. "ಮೆಟ್ಲು ಹತ್ತಿದ್ರೆ ಎದೆ ಕುಯ್ಯೋ ಅಂತಿತ್ತು. ಇವಳೇನು ರೋಗಿ ನೋಡ್ತಾಳೆ, ಇವಳನ್ನೇ ನೋಡ್ಕೋಬೇಕು ಅಂತ ಆಡ್ಕೊಳ್ಳೋರು," ಎನ್ನುತ್ತಾರೆ. ಔಷಧ ತಪ್ಪಿಸಲಿಲ್ಲ, ಪಾಠವನ್ನೂ ತಪ್ಪಿಸಲಿಲ್ಲ. "ಎದೆ ಬಿಗಿದಾಗ ಬಾಯಿ ಬರಲ್ಲ. ನಾವು ಹೇಳದೇ ಇದ್ದಿದ್ದನ್ನ ಪಕ್ಕದಲ್ಲಿರೋರು ಕೇಳಿಸ್ಕೋಬೇಕು."

ಅದನ್ನೇ ಹೊಸ ಹುಡುಗಿಯರಿಗೆ ಕಲಿಸುತ್ತಾರೆ. "ಮೆಷಿನ್ ನೋಡ್ರಮ್ಮ, ಬೇಡ ಅನ್ನಲ್ಲ. ಮೊದ್ಲು ಮುಖ ನೋಡಿ. ಮಾತು ಅರ್ಧಕ್ಕೇ ನಿಲ್ಸಿ ಉಸಿರು ತಗೊಳ್ತಾರಾ ಗಮನಿಸಿ."

ಕಳೆದ ತಿಂಗಳು ಜ್ವರ ಬಂದು ಸಿಸ್ಟರ್ ಮನೆಯಲ್ಲಿದ್ದರು. ಸಂಜೆ ಕಿರಿಯ ನರ್ಸ್ ಫೋನ್ ಮಾಡಿದಳು. ಹೆಂಗಸರ ವಾರ್ಡಿನ ಅಜ್ಜಿಯೊಬ್ಬರಿಗೆ ಏದುಸಿರು ಹತ್ತಿತ್ತು. ಕೂರಿಸಿ, ಆಕ್ಸಿಜನ್ ಹಾಕಿ, ಡಾಕ್ಟರನ್ನು ಕರೆಸಿದ್ದಳು. ಫೋನ್ ಮಾಡುವ ಹೊತ್ತಿಗೆ ಅಜ್ಜಿ ಗಂಜಿ ಕುಡಿಯುತ್ತಿದ್ದರು.

"ಆಗ್ಲೇ ನಂಗ್ಯಾಕೆ ಫೋನ್ ಮಾಡ್ಲಿಲ್ಲ ಅಂತ ರೇಗಿದೆ," ಎಂದು ಸಿಸ್ಟರ್ ಕಣ್ಣರಳಿಸುತ್ತಾರೆ. "'ಬೇಕಾಗ್ಲಿಲ್ಲ ಸಿಸ್ಟರ್' ಅಂದ್ಳು. ಅಷ್ಟು ಸಲೀಸಾಗಿ! ಜ್ವರದಲ್ಲೂ ನಕ್ಕೆ ನೋಡಿ."