ಬೇವಿನ ಎಲೆ ಇಟ್ಟ ಕವಲುದಾರಿ

೧೯೪೧ರ ಬೇಸಿಗೆ. ಚೈತ್ರದ ಹುಣ್ಣಿಮೆ ಹತ್ತಿರ ಬಂದಿತ್ತು. ಬಿಸಿಲು ನೆತ್ತಿಯಿಂದ ಸ್ವಲ್ಪ ಪಡುವಣಕ್ಕೆ ವಾಲಿದ ಹೊತ್ತಿನಲ್ಲಿ ನಾನು ಆಳಂದದ ವಾಯವ್ಯಕ್ಕಿರುವ ಗುಡ್ಡದ ಮೇಲೆ, ಕಾಲುದಾರಿ ಎರಡಾಗಿ ಒಡೆಯುವ ಕಡೆ, ಒಂದು ಮುತ್ತಲ ಗಿಡದ ಬುಡದಲ್ಲಿ ನಿಂತಿದ್ದೆ. ಬೆನ್ನು ಆಳಂದದ ಕಡೆಗಿತ್ತು. ಎಡಕ್ಕೆ ಏರುವ ದಾರಿ, ಬಲಕ್ಕೆ ಇಳಿಯುವ ದಾರಿ ಎರಡೂ ನನಗೆ ಕಾಣುತ್ತಿದ್ದವು. ಮುಂದೆ ವಿಚಾರಣೆಗೆ ಬಂದವರು ಮೊದಲು ಕೇಳಿದ್ದು ಇದನ್ನೇ. ಅವರಿಗೆ ಹೇಳಿದಂತೆಯೇ ಇಲ್ಲಿಯೂ ಬರೆದಿದ್ದೇನೆ.

ಆಗ ನಾನು ನಿಜಾಮ ಸರ್ಕಾರದ ಜಂಗಲ್ ಖಾತೆಯಲ್ಲಿ ಗಾರ್ಡ್ ಆಗಿದ್ದೆ. ಆ ಗುಡ್ಡ ನನ್ನ ಬೀಟ್. ಬೀಟ್ ಎಂದರೆ ಒಬ್ಬ ಗಾರ್ಡ್ ನಡೆದೇ ಸುತ್ತಿ ಕಾಯಬೇಕಾದ ಸರಹದ್ದು. ದೊಡ್ಡ ಮರಗಳ ಅಡವಿ ಅದಲ್ಲ. ಮುತ್ತಲ, ಸೀತಾಫಲ, ಲಕ್ಕಿ, ಕವಳಿಯ ಕುರುಚಲು. ಆದರೆ ಮಳೆಗಾಲ ಕಳೆದ ಮೇಲೆ ಅಲ್ಲಿ ನಡೆದವರು ಆ ಗುಡ್ಡವನ್ನು ಮರೆಯಲಾರರು. ಮೇಲಿನ ದಾರಿಯಿಂದ ನೋಡಿದರೆ ದಕ್ಷಿಣಕ್ಕೆ ಕರಿ ನೆಲ ಭೀಮೆಯ ಕಡೆಗೆ ಹಾಸಿದಂತೆ ಹೋಗಿರುತ್ತದೆ. ಕೆಳಗಿನ ದಾರಿ ಒಂದು ಕೊಳ್ಳಕ್ಕೆ ಇಳಿಯುತ್ತದೆ. ಅಲ್ಲಿ ಬಂಡೆಯ ಮೇಲಿಂದ ನೀರು ಬೀಳುತ್ತಿರುತ್ತದೆ. ಆಳಂದದ ಅಧಿಕಾರಿಗಳು ಶ್ರಾವಣದಲ್ಲಿ ಬುತ್ತಿ ಕಟ್ಟಿಸಿಕೊಂಡು ಅದನ್ನು ನೋಡಲು ಬರುತ್ತಿದ್ದರು. ಬೇಸಿಗೆಯಲ್ಲಿ ಅಲ್ಲಿ ಹನಿ ನೀರೂ ಇರುವುದಿಲ್ಲ. ಕೊಳ್ಳ ಬಂಡೆಗೆ ಮುಟ್ಟಿ ಮುಗಿಯುತ್ತದೆ, ಮುಂದೆ ದಾರಿಯಿಲ್ಲ.

ಚೈತ್ರದಲ್ಲಿ ಅಫಜಲಪುರ, ಜೇವರ್ಗಿ ಕಡೆಯ ಜನ ತುಳಜಾಪುರದ ದೇವಿಯ ಜಾತ್ರೆಗೆ ನಡೆದು ಹೋಗುವಾಗ ಈ ಗುಡ್ಡ ದಾಟುತ್ತಿದ್ದರು. ಅವರಲ್ಲಿ ಒಂದು ಪದ್ಧತಿ ಇತ್ತು. ಗಟ್ಟಿಯಾಗಿ ನಡೆಯುವವನು ಮುಂದೆ ಹೋಗಿ, ಬಾವಿ ಹುಡುಕಿ, ನೀರು ಸೇದಿಟ್ಟು ಒಲೆ ಹೂಡುತ್ತಿದ್ದ. ಕವಲು ಬಂದಲ್ಲಿ, ಹೋಗಬೇಕಾದ ದಾರಿಯ ಮೇಲೆ ಒಂದು ಹಸಿರು ತೊಪ್ಪಲಿಟ್ಟು ಅದರ ಮೇಲೆ ಕಲ್ಲು ಹೇರುತ್ತಿದ್ದ. ಹಿಂದಿನವರು ಎಲೆ ನೋಡಿ ತಿರುಗುತ್ತಿದ್ದರು. ಸಾಮಾನ್ಯವಾಗಿ ಇಡುತ್ತಿದ್ದುದು ತಂಗಡಿ ಸೊಪ್ಪು. ಅದನ್ನು ಆಡು ಮೂಸಿಯೂ ನೋಡುವುದಿಲ್ಲ.

ಆ ಮಧ್ಯಾಹ್ನ ನಾನು ಜಗಳ ಮಾಡುತ್ತ ನಿಂತಿದ್ದೆ. ನರೋಣಾದ ಮಲ್ಲಪ್ಪ ಬೇಸಿಗೆಗೆಂದು ಆಡು ಹೊಡೆದುಕೊಂಡು ಬಂದವನು, ಬೆಳಿಗ್ಗೆಯಿಂದಲೇ ಮತ್ತೆ, ಮೇಯಿಸಬಾರದ ಸರಹದ್ದಿನ ಒಳಗೆ ಬಿಟ್ಟಿದ್ದ.

“ಲೇ ಮಲ್ಲಪ್ಪ, ಎಷ್ಟು ಸಲ ಹೇಳಬೇಕೋ? ಅಲ್ಲಿ ಬೋರ್ಡ್ ಕಾಣಂಗಿಲ್ಲೇನು?”

“ಬೋರ್ಡ್ ಉರ್ದುದಾಗ ಅದರಿ ಸಾಬ್. ನನ್ನ ಆಡು ಒಂದೂ ಸಾಲಿಗಿ ಹೋಗಿಲ್ಲ.”

ನನಗೆ ನಗು ಬಂತು. ಅಷ್ಟರಲ್ಲಿ ಎಡಗಡೆಯ ಮೇಲಿನ ದಾರಿಯಿಂದ ಒಬ್ಬ ಗಂಡಸು ತಲೆಯ ಮೇಲೆ ನೀರಿನ ಕೊಡ ಹೊತ್ತುಕೊಂಡು ಬೀಸುಗಾಲಲ್ಲಿ ಇಳಿದು ಬಂದ. ಮಣ್ಣೂರಿನವನು, ಹೆಸರು ಸಿದ್ರಾಮ.

“ನಮ್ಮವ್ವ, ನಮ್ಮಾಕಿ ಈ ಕಡಿ ಬಂದ್ರೇನ್ರಿ? ಬಾವಿ ಹತ್ರ ಕಾದು ಕಾದು ಸಾಕಾತು.”

ನಾನು ಇಲ್ಲಿಗೆ ಬಂದ ಮೇಲೆ ಯಾರೂ ಬಂದಿಲ್ಲ ಎಂದೆ. ಅವನ ತಾಯಿ ಗೌರವ್ವ ಹರಕೆ ಹೊತ್ತು ಬರಿಗಾಲಲ್ಲಿ ನಡೆಯುತ್ತಿದ್ದಳಂತೆ. ಕಾಲು ಬೊಬ್ಬೆಯೆದ್ದದ್ದರಿಂದ ಹೆಂಡತಿ ಶಾಂತವ್ವ ಅತ್ತೆಯ ಕೈ ಹಿಡಿದು ಹಿಂದೆ ಉಳಿದಿದ್ದಳು. ಬೆಳಿಗ್ಗೆ ಮೂವರೂ ಗುಡ್ಡದ ಬುಡದ ಹಳ್ಳಿ ಬಿಟ್ಟಿದ್ದರು.

“ಎಲಿ ಇಟ್ಟಿದ್ದೇನು?” ಎಂದು ಕೇಳಿದೆ.

“ಇಡದಂಗ ಇರ್ತೇನೇನ್ರಿ? ಅಲ್ನೋಡ್ರಿ, ನಾ ಇಟ್ಟ ಕಲ್ಲು. ಹಂಗೇ ಅದ.” ಎಡದಾರಿಯ ಬಾಯಲ್ಲಿದ್ದ ಕಲ್ಲನ್ನು ದೂರದಿಂದಲೇ ತೋರಿಸಿದ. “ದಾರಿ ತಪ್ಪಲ್ಲ. ಅವ್ವಗ ಕಾಲು ಎತ್ತಾಕ ಆಗಿರಲಿಕ್ಕಿಲ್ಲ. ಹಿಂದ ಎಲ್ಲ್ಯಾರ ಕೂತಿರ್ತಾರ.”

ಕಲ್ಲು ಇದ್ದ ಜಾಗದಲ್ಲೇ ಇತ್ತು. ಅವನ ಮಾತಿನಲ್ಲಿ ಖಾತ್ರಿ ಇತ್ತು. ನಾವಿಬ್ಬರೂ ಹಿಂದಕ್ಕೆ, ಗುಡ್ಡದ ಬುಡಕ್ಕೆ ಇಳಿದೆವು. ದಾರಿಯುದ್ದಕ್ಕೂ ಅವನು ಕೂಗುತ್ತಿದ್ದ. ಹಳ್ಳಿಯ ಅಂಚಿನ ಮನೆಯ ಹೆಣ್ಣುಮಗಳು ಹೇಳಿದಳು: “ಅತ್ತಿ ಸೊಸಿ ಏನ್ರಿ? ಅವರು ಮುಂಜಾನೇ ಹ್ವಾದ್ರಲ್ಲ. ತಂಬಿಗಿ ತುಂಬ ನೀರು ಹಾಕಿ ಕೊಟ್ಟೀನಿ.”

ಒಂದು ತಂಬಿಗೆ. ಸಿದ್ರಾಮ ಅದನ್ನು ಕೇಳಿದ ಮೇಲೆ ಕೂಗುವುದನ್ನು ನಿಲ್ಲಿಸಿದ. ನಾವು ಮತ್ತೆ ಗುಡ್ಡ ಹತ್ತಿದೆವು. ಮೇಲೆ ಬರುವ ಹೊತ್ತಿಗೆ ಬಿಸಿಲು ಕೆಂಪಾಗಿತ್ತು. ಕವಲಿನಲ್ಲಿ ಮಲ್ಲಪ್ಪನ ಆಡು ಕೂಡಿ ನಿಂತಿದ್ದವು. ನಾನು ಹೋಗಿ ಆ ಕಲ್ಲನ್ನು ಎತ್ತಿದೆ. ಅಡಿಯಲ್ಲಿ ಎಲೆ ಇರಲಿಲ್ಲ. ಒಂದು ಬೋಳು ಕಡ್ಡಿ ಇತ್ತು, ತುದಿ ಕಡಿದು ನಾರು ನಾರಾಗಿತ್ತು.

“ಯಾವ ಸೊಪ್ಪು ಇಟ್ಟಿದ್ದೆಪ್ಪ?”

“ಬೇವು,” ಎಂದ ಸಿದ್ರಾಮ. “ದೇವಿತಾಯಿ ಊರು ಸನೇ ಬಂತಲ್ಲ ಅಂತ, ಅಕಿ ಎಲಿನೇ ಇಡೂಣು ಅಂತ, ಕೆಳಗಿನ ಊರಾಗ ಹರಕೊಂಡು ಬಂದಿದ್ದೆ.”

ಮಲ್ಲಪ್ಪ ತನ್ನ ಆಡುಗಳ ಕಡೆ ನೋಡಿದ. ಆಮೇಲೆ ಕೋಲು ಊರಿ ನೆಲಕ್ಕೆ ಕುಳಿತ. ಬೇವು ನಮಗೆ ಕಹಿ, ಆಡಿಗೆ ಪ್ರೀತಿ; ಆ ಬೋಳು ಗುಡ್ಡದಲ್ಲಿ ಅಂದು ಆಡು ಬಾಯಿ ಹಾಕುವಂಥ ಹಸಿರೆಂದು ಇದ್ದದ್ದು ಆ ಒಂದು ಟೊಂಗೆ. ಹಿಂದೆ ಬಂದ ಹೆಂಗಸರಿಗೆ ಎರಡು ದಾರಿಯಲ್ಲೂ ಬರೀ ಕಲ್ಲು ಕಂಡಿದ್ದವು. ನೋಯುವ ಕಾಲಿಗೆ ಇಳಿಜಾರು ಹಗುರ. ಅವರು ಬಲಕ್ಕೆ ಇಳಿದಿದ್ದರು.

ಮೂವರೂ ಕೊಳ್ಳಕ್ಕೆ ಇಳಿದೆವು. ಕೊಳ್ಳದ ಒಳಗೆ ಎಷ್ಟು ಕೂಗಿದರೂ ದನಿ ಮೇಲೆ ಬರುವುದಿಲ್ಲ, ಅದು ನನಗೆ ಮೊದಲಿಂದ ಗೊತ್ತಿತ್ತು. ತಳದಲ್ಲಿ ಉಸುಕು ಹಾಸಿರುತ್ತದೆ. ಮೊದಲು ಕಂಡದ್ದು ಉಸುಕಿನಲ್ಲಿ ತೋಡಿದ ಒಂದು ಕುಣಿ. ಸ್ವಲ್ಪ ಮುಂದೆ ಇನ್ನೊಂದು. ಆಮೇಲೆ ಮತ್ತೊಂದು. ಎಲ್ಲವೂ ಕೈಯಿಂದ ತೋಡಿದವು. ಸಿದ್ರಾಮ ಮೊದಲನೆಯದನ್ನು ನೋಡಿದ ಕೂಡಲೇ ಓಡತೊಡಗಿದ.

ಇದನ್ನು ಹೊಳೆದಂಡೆಯವರಲ್ಲದವರಿಗೆ ಬಿಡಿಸಿ ಹೇಳಬೇಕು. ಭೀಮೆ ಬೇಸಿಗೆಯಲ್ಲಿ ಬತ್ತಿದಾಗ ಮಣ್ಣೂರಿನ ಹೆಂಗಸರು ಉಸುಕಿನಲ್ಲಿ ಮೊಳದಷ್ಟು ಆಳ ತೋಡುತ್ತಾರೆ. ತಿಳಿನೀರು ಜಿನುಗುತ್ತದೆ. ಅದಕ್ಕೆ ವರ್ತಿ ಎನ್ನುತ್ತಾರೆ. ಹುಟ್ಟಿದಂದಿನಿಂದ ಶಾಂತವ್ವ ಕುಡಿದದ್ದು ವರ್ತಿಯ ನೀರು. ಉಸುಕು ಇದ್ದಲ್ಲಿ ನೀರು ಇದೆ ಎಂಬುದು ಅವಳಿಗೆ ಯಾರೂ ಕಲಿಸಬೇಕಾದ ಮಾತಲ್ಲ. ಆದರೆ ನಮ್ಮ ಗುಡ್ಡದ ಕೊಳ್ಳದಲ್ಲಿ ಉಸುಕು ತೆಳ್ಳಗಿನ ಹಾಸು. ಅದರ ಕೆಳಗೆ ಇರುವುದು ಬಂಡೆ.

ಕೊಳ್ಳ ಮುಗಿಯುವ ಬಂಡೆಯ ನೆರಳಲ್ಲಿ ಗೌರವ್ವ ಮಲಗಿದ್ದಳು. ತಲೆಯ ಕೆಳಗೆ ಸೊಸೆಯ ಸೀರೆಯ ಗಂಟು, ಪಕ್ಕದಲ್ಲಿ ಬರಿದಾದ ತಂಬಿಗೆ. ಅವಳಿಗೆ ಉಸಿರಿತ್ತು. ಶಾಂತವ್ವ ನೆರಳಿನ ಆಚೆ, ಕೊನೆಯ ಕುಣಿಯ ಅಂಚಿನಲ್ಲಿ ಬೋರಲು ಬಿದ್ದಿದ್ದಳು. ಎರಡೂ ಕೈ ಮಣಿಕಟ್ಟಿನ ತನಕ ಕುಣಿಯ ಒಳಗಿದ್ದವು. ಉಗುರು ಕಿತ್ತುಹೋಗಿ ಬಂಡೆಯ ಮೇಲೆ ರಕ್ತ ಒಣಗಿತ್ತು. ನಾನು ಕುತ್ತಿಗೆ ಮುಟ್ಟಿ ನೋಡಿದೆ. ಮೈ ಇನ್ನೂ ಕೆಂಡದಂತಿತ್ತು. ನಾಡಿ ಇರಲಿಲ್ಲ.

ಸಿದ್ರಾಮ ಕೊಡವನ್ನು ಅಲ್ಲಿಯ ತನಕ ಹೊತ್ತು ತಂದಿದ್ದ. ಅವಳನ್ನು ಮಗುಚಿ, ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಬಿಟ್ಟ. ನೀರು ಕೆನ್ನೆಯ ಮೇಲೆ ಹರಿದು ಉಸುಕಿಗೆ ಇಳಿಯಿತು.

“ಏಳ ಬೇ, ನೀರು ತಂದೀನಿ. ತಣ್ಣಗ ಅದಾವ. ಏಳ.”

ಅವನು ಅದನ್ನೇ ಹೇಳುತ್ತ ಇದ್ದ. ಮಲ್ಲಪ್ಪ ಅವನ ಕೈಯಿಂದ ಕೊಡ ಬಿಡಿಸಿಕೊಂಡು ತಾಯಿಯ ತುಟಿಗೆ ನೀರು ಹಚ್ಚಿದ. ಬಹಳ ಹೊತ್ತಿನ ಮೇಲೆ ಗೌರವ್ವ ಕಣ್ಣು ತೆರೆದಳು.

“ಹೊರಳಿ ಹೋಗೂಣು ನಡಿ ಅಂದೆ. ಕೇಳಲಿಲ್ರಿ,” ಎಂದಳು. “ನಿನ್ನ ಕಾಲು ನಡಿಯಂಗಿಲ್ಲ ಅತ್ತಿ, ನೀ ಸುಮ್ನ ಕೂಡು, ಉಸುಕಿನಾಗ ನೀರು ಇದ್ದೇ ಇರ್ತಾವ ಅಂದ್ಳು. ತಂಬಿಗಿದು ಎಲ್ಲ ನನಗೇ ಕುಡಿಸಿದ್ಳು.” ಆಮೇಲೆ ಕೇಳಿದಳು: “ಹತ್ತಿದಾವೇನು ನೀರು?”

ಮಲ್ಲಪ್ಪ ಮತ್ತೆ ಅವಳ ತುಟಿಗೆ ನೀರು ಹಚ್ಚಿದ.

ಮರುದಿನ ವಿಚಾರಣೆ ಆಯಿತು. ಯಾರ ಮೇಲೂ ತಪ್ಪು ಬರಲಿಲ್ಲ. ಮಲ್ಲಪ್ಪ ಮತ್ತು ನಾನು ಕೊಳ್ಳದ ದಾರಿಗೆ ಅಡ್ಡಲಾಗಿ ಕಲ್ಲಿನ ಗೋಡೆ ಕಟ್ಟಿದೆವು. ಆ ವರ್ಷದ ಶ್ರಾವಣದಲ್ಲಿ ನೀರು ಬೀಳುವುದನ್ನು ನೋಡಲು ಬಂದವರು ಅದನ್ನು ಕೆಡವಿಸಿ ಒಳಗೆ ಹೋದರು. ಮತ್ತೆ ಕಟ್ಟಿದೆ, ಮತ್ತೆ ಬಿತ್ತು. ಮುಂದೆ ನನಗೆ ಜೇವರ್ಗಿಗೆ ವರ್ಗವಾಯಿತು.

ಈ ಕೆಲಸ ನನಗೆ ಕಲಿಸಿದ್ದು ಸಣ್ಣ ಮಾತು. ದಾರಿ ತಪ್ಪಿದವರನ್ನು ಹುಡುಕುವಾಗ ಮುಂದೆ ಹೋದವನ ಖಾತ್ರಿಯ ಮೇಲೆ ಹೆಜ್ಜೆ ಇಡಬಾರದು. ಬಗ್ಗಿ ನೆಲ ನೋಡಬೇಕು. ನನ್ನ ಕೈಕೆಳಗೆ ಬಂದ ಗಾರ್ಡುಗಳಿಗೆಲ್ಲ ಇದನ್ನು ಹೇಳಿದ್ದೇನೆ. ಅದರಿಂದ ಯಾರಾದರೂ ಉಳಿದರೋ ನನಗೆ ಗೊತ್ತಿಲ್ಲ. ಶಾಂತವ್ವನಿಗಂತೂ ಅದರಿಂದ ಏನೂ ಆಗಲಿಲ್ಲ.

ಗೌರವ್ವ ಮುಂದಿನ ಮಳೆಗಾಲ ಕಾಣಲಿಲ್ಲ. ಕೊಳ್ಳದ ತಳದಲ್ಲಿ ಅಂದು ಇದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಇಬ್ಬರು ಬದುಕಿದ್ದಾರೆ. ಮಲ್ಲಪ್ಪ ನರೋಣಾದಲ್ಲಿ ಮಗಳ ಮನೆಯಲ್ಲಿದ್ದಾನೆ. ಸಿದ್ರಾಮ ಮಣ್ಣೂರಿನಲ್ಲಿದ್ದಾನೆ. ನಾನು ಬರೆದದ್ದರಲ್ಲಿ ಹೆಚ್ಚು ಕಡಿಮೆ ಇದೆ ಎನಿಸಿದವರು ಮಲ್ಲಪ್ಪನನ್ನು ಕೇಳಬಹುದು. ಸಿದ್ರಾಮನನ್ನು ಕೇಳಬೇಡಿ.