ಕಾಕಾನ ಕಿವಿ

ಕಾಕಾ ಅವರ ಬಲಗಿವಿಯ ಮೇಲೆ ಯಾವಾಗಲೂ ಒಂದೆರಡು ನೂಲಿನ ಎಳೆ ಅಂಟಿಕೊಂಡಿರುತ್ತಿದ್ದವು. ಗಜೇಂದ್ರಗಡದ ಮನೆಯಲ್ಲಿ ಮುಂಜಾನೆ ಮಗ್ಗದ ಮುಂದೆ ಕೂತು ಸೀರೆ ನೇಯುವುದು, ಕಾರ್ಯಕ್ರಮ ಇದ್ದ ದಿನ ಮಗ್ಗ ಬಿಟ್ಟೆದ್ದು ಮೈಕಿನ ಸೆಟ್ಟು ಹೇರಿಕೊಂಡು ಹೊರಡುವುದು. ತಲೆ ಕೊಡವಿಕೊಳ್ಳಲೂ ಪುರಸೊತ್ತಿಲ್ಲದೆ ಬಂದವರಂತೆ ಕಾಣುತ್ತಿದ್ದರು. ಮೈಕು ಹೊಂದಿಸಿದ ಮೇಲೆ ಅವರು "ಹಲೋ, ಹಲೋ" ಎಂದು ಕೂಗಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ನನ್ನನ್ನು ಹಾಡಲು ಹಚ್ಚಿ, ಸಭಾಗೃಹದ ಕೊನೆಯ ಸಾಲಿನ ಹಿಂದೆ ಹೋಗಿ, ಆ ಕಿವಿಯ ಹಿಂದೆ ಅಂಗೈ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಓಡಿ ಬಂದು ದನಿ ಹೊಂದಿಸುವ ಮಿಕ್ಸರಿನ ಗುಂಡಿಯನ್ನು ತುಸುವೇ ತಿರುವಿ ಮತ್ತೆ ಹಿಂದಕ್ಕೆ ಹೋಗುವರು. ಹೀಗೆ ಐದಾರು ಸಲ.

"ಮುಂದ ಕುಂತಾವಗ ಹ್ಯಾಂಗೂ ಕೇಳತೈತಿ. ಹಿಂದ ಕುಂತ ಮುದುಕಿಗೂ ಹಾಡಿನ ಮಾತು ತಿಳೀಬೇಕು ನೋಡು" ಎನ್ನುತ್ತಿದ್ದರು.

ನಾನು ರೋಣದಲ್ಲಿ ಮನೆಯಲ್ಲೇ ಸಂಗೀತ ಪಾಠ ಹೇಳುವವಳು. ಮದುವೆ, ಸೀಮಂತ, ಶಾಲೆಯ ಗ್ಯಾದರಿಂಗು ಎಂದರೆ ಕೀಬೋರ್ಡ್ ನುಡಿಸುತ್ತ ಹಾಡುತ್ತೇನೆ; ಪಕ್ಕದಲ್ಲಿ ನನ್ನ ತಮ್ಮ ತಬಲಾ ಬಾರಿಸುತ್ತಾನೆ. ಒಂಬತ್ತು ವರ್ಷ ನಮ್ಮ ಮೈಕು ಕಾಕಾ ಅವರದೇ. ರಕ್ತಸಂಬಂಧವೇನೂ ಇರಲಿಲ್ಲ. ಮೊದಲ ದಿನ ನಾನು "ಸರ್" ಎಂದಾಗ, "ಸರ್ ಸಾಲ್ಯಾಗ ಇರತಾರ. ನಾ ಕಾಕಾ" ಎಂದಿದ್ದರು. ಅಷ್ಟೆ.

ನುಡಿಸುತ್ತ ಹಾಡುವವರ ಕಷ್ಟ ಬರೀ ಹಾಡುವವರಿಗೆ ತಿಳಿಯುವುದಿಲ್ಲ. ಎರಡೂ ಕೈ ಕೀಬೋರ್ಡಿನ ಮನೆಗಳ ಮೇಲಿರಬೇಕು, ಬಾಯಿ ಮೈಕಿನ ಮುಂದಿರಬೇಕು, ಕಣ್ಣು ಎಡಗೈ ಕಡೆ ಜಾರುತ್ತಲೇ ಇರುತ್ತದೆ. ಕಣ್ಣು ಜಾರಿದರೆ ಮುಖವೂ ಜಾರುತ್ತದೆ, ದನಿ ಅರ್ಧಕ್ಕೆ ಮಾಯವಾಗುತ್ತದೆ. ಎದುರಿಗೆ ನೆಟ್ಟಗೆ ನಿಲ್ಲಿಸಿದ ಸ್ಟ್ಯಾಂಡಿಗೆ ನಾನು ಕತ್ತು ಚಾಚಿ ಚಾಚಿ ಹಾಡುವುದನ್ನು ಕಾಕಾ ಎರಡೇ ಕಾರ್ಯಕ್ರಮ ನೋಡಿದರು. ಮೂರನೆಯದಕ್ಕೆ ಅಡ್ಡಕೋಲಿನ ಸ್ಟ್ಯಾಂಡ್ ತಂದು, ಪಕ್ಕದಿಂದ ಕೀಬೋರ್ಡಿನ ಮೇಲೆ ಚಾಚಿ, ಮೈಕನ್ನು ಮೇಲಿನಿಂದ ಕೆಳಮುಖವಾಗಿ ನನ್ನ ಬಾಯಿಗೆ ತಂದಿಟ್ಟರು. ಎಡಗೈ ನೋಡಲು ಬಾಗಿದರೂ ದನಿ ತಪ್ಪಿಹೋಗದ ಕೋನವದು. ಅದನ್ನು ಹುಡುಕಲು ಅವರು ನನ್ನ ಕುರ್ಚಿಯಲ್ಲಿ ತಾವೇ ಕೂತು, ನುಡಿಸಲು ಬರದ ಕೀಬೋರ್ಡಿನ ಮೇಲೆ ಬೆರಳಾಡಿಸಿ, ಬಾಗಿ ಬಾಗಿ ನೋಡಿದ್ದರು.

ಆದರೂ ಕುತ್ತಿಗೆ ನೋವು ಪೂರ್ತಿ ಹೋಗಲಿಲ್ಲ; ನನಗೆ ಕಿವಿಗೆ ಸಿಕ್ಕಿಸಿಕೊಳ್ಳುವ ಮೈಕು ಬೇಕೆನಿಸಿತು. ಹುಬ್ಬಳ್ಳಿಯಿಂದ ಬಂದ ತಂಡವೊಂದರಲ್ಲಿ ನನ್ನ ವಯಸ್ಸಿನ ಹೆಂಗಸು ಅದನ್ನು ಹಾಕಿಕೊಂಡು, ಬೇಕಾದ ಕಡೆ ಮುಖ ತಿರುಗಿಸಿ, ನಗುತ್ತ ಹಾಡಿದ್ದಳು. ನಾನೇ ಹೋಗಿ ಒಂದು ಕೊಂಡು ತಂದೆ. ಕಾಕಾ ಅದನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿದರು.

"ಬ್ಯಾಡ ಅನ್ನಂಗಿಲ್ಲ ತಂಗಿ. ಕುತಗಿಗೆ ಆರಾಮ ಖರೇ. ಆದ್ರ ನೀ ಮ್ಯಾಲಿನ ಸ್ವರಕ್ಕ ಹೋದಾಗ ಮುಖ ಹಿಂದ ತಗೋತಿ, ಮೆತ್ತಗ ಹಾಡುವಾಗ ಸನೇಕ ಬರತಿ. ಇದನ್ನ ಹಚಗೊಂಡ್ರ ಆ ಹೋಗೂದು ಬರೂದು ಎಲ್ಲೈತಿ? ಉಸುರು ಬಿಟ್ರೂ ಕೇಳತೈತಿ, ಕೆಮ್ಮಿದ್ರೂ ಕೇಳತೈತಿ."

"ಎಲ್ಲಾರೂ ಹಚಗೋತಾರಲ್ರಿ ಕಾಕಾ."

"ಹಚಗೋ. ನಾ ಹೊಂದಸ್ತೀನಿ."

ಒಂದು ಮಧ್ಯಾಹ್ನ ಪೂರ್ತಿ ಕೂತು ಹೊಂದಿಸಿದರು. ಮೈಕಿನ ತುದಿ ಬಾಯಿಯ ಎದುರಿಗೆ ಬರದೆ ತುಟಿಯ ಮೂಲೆಯಿಂದ ಎರಡು ಬೆರಳು ಆಚೆ ಇರಬೇಕು. ಇನ್ನೊಂದು ಮಾತನ್ನು ಮೂರು ಸಲ ಹೇಳಿದರು. ಹಾಡುವವರಿಗೆ ತಮ್ಮ ದನಿ ಕೇಳಲೆಂದು ವೇದಿಕೆಯ ಮೇಲೆ ನಮ್ಮ ಕಡೆ ಮುಖ ಮಾಡಿ ಒಂದು ಸಣ್ಣ ಸ್ಪೀಕರ್ ಇಡುತ್ತಾರಲ್ಲ, ಅದನ್ನು ಹತ್ತಿರ ಎಳೆದುಕೊಳ್ಳಬಾರದು. ಎಳೆದುಕೊಂಡರೆ ಅದರ ದನಿಯನ್ನೇ ಮೈಕು ಮತ್ತೆ ಹಿಡಿದು ಕಿರುಚುತ್ತದೆ. ಅಂದಿನಿಂದ ಪ್ರತಿ ವೇದಿಕೆಯಲ್ಲೂ ಆ ಸ್ಪೀಕರಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು.

ನರಗುಂದದ ಒಂದು ಮಂಗಲ ಕಾರ್ಯಾಲಯದಲ್ಲಿ ಮದುವೆ. ಅಕ್ಷತೆಗೆ ಇನ್ನೂ ಒಂದು ತಾಸಿತ್ತು. ಜನರ ಗದ್ದಲಕ್ಕೆ ನನಗೆ ನನ್ನ ದನಿ ಕೇಳಿಸುತ್ತಿರಲಿಲ್ಲ. ಕಾಕಾ ಸಭೆಯ ಹಿಂದಿದ್ದರು. ಅವರನ್ನು ಕರೆಯಬಹುದಿತ್ತು. ನಾನು ಕಾಲಿನಿಂದ ಆ ಸ್ಪೀಕರನ್ನು ಗೆರೆ ದಾಟಿಸಿ ಹತ್ತಿರ ಎಳೆದುಕೊಂಡೆ.

ಮೂರನೆಯ ಹಾಡಿನ ನಡುವೆ ಅದು ಕಿರುಚಿತು. ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಂಡರು. ಎಲ್ಲೋ ಕೂಸೊಂದು ಬೆಚ್ಚಿ ಅಳತೊಡಗಿತು. ಕಾಕಾ ಮಿಕ್ಸರಿನ ಕಡೆ ಓಡಿಬರುತ್ತಿದ್ದುದು ಕಾಣಿಸಿತು. ನನಗೆ ಅವಮಾನವಾಗಿ, ತಮ್ಮನ ಕಡೆ ಮುಖ ತಿರುಗಿಸಿ ಸಿಟ್ಟಿನಿಂದ ಅಂದೆ: "ಕಾಕಾನ ಕಿವಿ ಹೋಗ್ಯಾವ. ಏನೂ ಕೇಳಸಂಗಿಲ್ಲ ಅವ್ರಿಗೆ."

ಸ್ಟ್ಯಾಂಡಿನ ಮೈಕಾಗಿದ್ದರೆ ಆ ಮಾತು ತಮ್ಮನಿಗಷ್ಟೇ ಕೇಳುತ್ತಿತ್ತು. ಇದು ನನ್ನ ಮುಖದ ಜೊತೆಗೇ ತಿರುಗಿತು. ಇಡೀ ಸಭಾಗೃಹಕ್ಕೆ, ಹಿಂದೆ ಕೂತ ಮುದುಕಿಗೂ, ಮಾತು ಮಾತು ಸ್ಪಷ್ಟವಾಗಿ ಕೇಳಿಸಿತು. ಜನ ನಕ್ಕರು. ಕಾಕಾ ಅರೆಗಳಿಗೆ ನಿಂತರು. ಆಮೇಲೆ ಬಂದು ಗುಂಡಿ ಇಳಿಸಿ, ವೇದಿಕೆ ಹತ್ತಿ, ನನ್ನ ಮುಖ ನೋಡದೆ ಸ್ಪೀಕರನ್ನು ಗೆರೆಯೊಳಗೆ ಸರಿಸಿ ಇಳಿದುಹೋದರು. ಮುಂದಿನ ಎಂಟು ಹಾಡು ಯಾವ ಕುಂದೂ ಇಲ್ಲದೆ ಸಾಗಿದವು.

ಇಷ್ಟೇ ಆಗಿದ್ದರೆ ಬಾಯಿ ತಪ್ಪಿದ ಮಾತು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಊಟದ ಹೊತ್ತಿಗೆ ಕಾರ್ಯಾಲಯದ ವ್ಯವಸ್ಥಾಪಕರು ನನ್ನ ಬಳಿ ಬಂದರು. ನರಗುಂದದ ಬಹಳಷ್ಟು ಮದುವೆಗಳಿಗೆ ವಾದ್ಯ, ಮೈಕು ಗೊತ್ತುಮಾಡುವವರು ಅವರೇ.

"ಹೌದೇನ್ರಿ ಮೇಡಂ, ಅವರಿಗೆ ಖರೇನ ಕೇಳಸಂಗಿಲ್ಲೇನು?"

ಕಾಕಾ ಹತ್ತು ಹೆಜ್ಜೆ ಆಚೆ ಕೂತು ವೈರು ಸುತ್ತುತ್ತಿದ್ದರು. ಸ್ಪೀಕರ್ ಎಳೆದವಳು ನಾನು ಎಂದು ಹೇಳಲು ಒಂದು ಉಸಿರು ಸಾಕಿತ್ತು. ನಾನು ಹೇಳಿದ್ದು: "ವಯಸ್ಸಾತಲ್ರಿ."

ಆ ಮದುವೆಯ ನಂತರ ನರಗುಂದದಿಂದ ಅವರಿಗೆ ಕರೆ ಬರುವುದು ನಿಂತಿತು. ಮುಂದಿನ ತಿಂಗಳು ನಾನು ಫೋನ್ ಮಾಡಿದಾಗ, "ಬ್ಯಾರೆ ಯಾರನ್ನರ ಕರಕೋ ತಂಗಿ. ಸೀರಿ ಕೆಲಸ ಭಾಳ ಐತಿ" ಎಂದರು. ನಾನು ಏಕೆಂದು ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾರು ಎಂಬ ಹೆದರಿಕೆ. ಹೊಸ ಮೈಕಿನವರು ಬಂದರು, ಕಾರ್ಯಕ್ರಮಗಳು ನಡೆದವು. ಮಾಡಿದ್ದು ದಿನಾ ನೆನಪಾಗುತ್ತಿತ್ತು. ನಾಳೆ ಹೋದರಾಯಿತು ಎಂದುಕೊಳ್ಳುತ್ತಿದ್ದೆ.

ಒಂದು ವರ್ಷ ಕಳೆದ ಮೇಲೆ ಜಕ್ಕಲಿಯ ಶಾಲೆಯೊಂದಕ್ಕೆ ಹಾಡಲು ಹೋದಾಗ ಅಲ್ಲಿನ ಶಿಕ್ಷಕಿಯೊಬ್ಬರು ಸಹಜವಾಗಿ ಕೇಳಿದರು: "ಮೊದಲ ನಿಮ್ಮ ಜೋಡಿ ಗಜೇಂದ್ರಗಡದ ಕಿವುಡ ಕಾಕಾ ಬರತಿದ್ರಲ್ರಿ, ಈಗ ಬರೂದಿಲ್ಲೇನು?"

ನನ್ನ ಒಂದು ಮಾತು ಊರು ದಾಟಿ ಅವರ ಹೆಸರಾಗಿತ್ತು. ಆ ವಾರವೇ ಗಜೇಂದ್ರಗಡದ ಬಸ್ಸು ಹತ್ತಿದೆ.

ಕಾಕಾ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ, ತಿರುಗಿ ನೋಡದೆ, "ಬಾ ತಂಗಿ" ಎಂದರು. ಮಗ್ಗದ ಸದ್ದಿನ ನಡುವೆ ನನ್ನ ಹೆಜ್ಜೆ ಗುರುತಿಸಿದ ಕಿವಿ! ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಸ್ಪೀಕರ್ ಎಳೆದದ್ದು, ವ್ಯವಸ್ಥಾಪಕರಿಗೆ ಹೇಳಿದ್ದು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವರ ಕೈ ನಿಂತಿತು.

"ಸ್ಪೀಕರ್ ಎಳದಿದ್ದು ನನಗ ಗೊತ್ತಿತ್ತು. ಗೆರಿ ಹೊರಗ ಇತ್ತಲ್ಲ" ಎಂದರು. "ನೀನ ಹೇಳತೀ ಅಂತ ಕಾದೆ. ಆವತ್ತ ವೈರು ಸುತಗೋತ ಕಾದೆ. ಆಮ್ಯಾಲೂ ಭಾಳ ದಿನ ಕಾದೆ."

"ತಪ್ಪಾತ್ರಿ ಕಾಕಾ."

"ನನಗ ಗೊತ್ತಿದ್ದದ್ದನ್ನ ನನಗ ಬಂದು ಹೇಳಿದ್ರ ಏನಾತು? ನೀ ಅಂದದ್ದು ಮೈಕಿನಾಗ. ಮಂದಿ ಕೇಳ್ಯಾರ. ಇದನ್ನೂ ಮಂದಿ ಕೇಳಬೇಕಲ್ಲ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಹಗುರವಾಗುತ್ತಿತ್ತೇನೋ. ಅದೇ ಕಾರ್ಯಾಲಯದಲ್ಲಿ ಶ್ರಾವಣದಲ್ಲಿ ಒಂದು ಮದುವೆಗೆ ಹಾಡುವುದಿದೆ, ಅಲ್ಲಿ ಎಲ್ಲರ ಮುಂದೆ ಹೇಳುತ್ತೇನೆ ಎಂದೆ. "ಹೇಳು" ಎಂದರು. ಅವರ ಹೆಂಡತಿ, ನಾನು ಕಾಕು ಎನ್ನುವವರು, ಚಹಾ ತಂದಿಟ್ಟು ನನ್ನ ಮುಖವನ್ನು ನೋಡುತ್ತಲೇ ಇದ್ದರು. ಹೊರಡುವಾಗ ಕಾಕಾ ಒಂದೇ ಮಾತು ಕೇಳಿದರು: "ಕುತಗಿ ನೋವು ಹ್ಯಾಂಗೈತಿ?"

ಶ್ರಾವಣದಲ್ಲಿ ಮಲಪ್ರಭೆ ತುಂಬಿ ಬಂತು. ಗಂಡಿನ ಕಡೆಯವರು ಕೊಣ್ಣೂರಿನ ಆಚೆಯವರು. ಸೇತುವೆಯ ಮೇಲೆ ನೀರು ಬಂದು ಮದುವೆ ಮುಂದಕ್ಕೆ ಹೋಯಿತು. ನೀರು ಇಳಿಯುವ ಮೊದಲೇ ಕಾಕು ಫೋನ್ ಮಾಡಿದರು. ಮುಂಜಾನೆ ಮಗ್ಗದ ಮುಂದೆ ಕೂತ ಕಾಕಾ ಎದೆ ಹಿಡಿದುಕೊಂಡು ಒರಗಿದರಂತೆ. ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು.

ಮದುವೆ ದೀಪಾವಳಿ ಕಳೆದ ಮೇಲೆ, ಅದೇ ಕಾರ್ಯಾಲಯದಲ್ಲಿ ನಡೆಯಿತು. ಆ ದಿನ ನಾನು ಸ್ಟ್ಯಾಂಡಿನ ಮೈಕನ್ನೇ ಇಡಿಸಿದೆ. ಹೊಸ ಮೈಕಿನವರು ನಾಲ್ಕು ಸಲ ಹೊಂದಿಸಿದರೂ ಆ ಕೋನ ಸಿಗಲಿಲ್ಲ. ಮೊದಲ ಹಾಡಿಗೂ ಮುಂಚೆ ಹೇಳಿದೆ. "ಹೋದ ವರ್ಷ ಇಲ್ಲಿ ಮೈಕು ಕಿರುಚಿತ್ತು. ನಮ್ಮ ಕಾಕಾಗೆ ಕಿವಿ ಕೇಳಿಸುವುದಿಲ್ಲ ಎಂದು ನಾನು ಅಂದಿದ್ದೆ. ಅದು ಸುಳ್ಳು. ತಪ್ಪು ನನ್ನದು. ಅವರ ಕಿವಿಯಂಥ ಕಿವಿ ನಾನು ಕಂಡಿಲ್ಲ. ಅವರು ಈಗಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಅಲ್ಲಿದ್ದವರು ಬೇರೆ ಊರಿನ, ಬೇರೆ ಮನೆತನದ ಜನ. ಹಿಂದಿನ ಮಾತು ಕೇಳಿದವರು ಒಬ್ಬರೋ ಇಬ್ಬರೋ. ವ್ಯವಸ್ಥಾಪಕರು ಬಂದು ಕೈಮುಗಿದರು. "ಭಾಳ ದೊಡ್ಡ ಮನಸ್ಸು ನಿಮ್ದು ಮೇಡಂ. ಹೋದವರ ತಪ್ಪನ್ನ ನಿಮ್ಮ ಮ್ಯಾಲ ಹಾಕ್ಕೊಂಡ್ರಿ."

"ಇಲ್ರೀ, ಖರೇನ ನಂದ ತಪ್ಪು."

"ಇರ್ಲಿ ಬಿಡ್ರಿ, ಇರ್ಲಿ" ಎಂದು ನಗುತ್ತ ಊಟದ ಮನೆಯ ಕಡೆ ಹೋದರು.

ಮನೆಗೆ ಬಂದು ಕಾಕುಗೆ ಫೋನ್ ಮಾಡಿದೆ. ಮೈಕಿನಲ್ಲಿ ಹೇಳಿದೆ ಎಂದೆ.

"ಮಂದಿ ಏನಂದ್ರು?"

"ಚಪ್ಪಾಳಿ ಹೊಡದ್ರು ಕಾಕು."

ಕಾಕು ಕೇಳಿದರು: "ಯಾರಿಗವ್ವಾ?"