ನಾಲ್ಕನೆಯ ದಿನದ ಪುಸ್ತಕ

೧೯೭೪ರ ಜೂನ್‌ನಲ್ಲಿ ಯರಗಟ್ಟಿಯ ನಮ್ಮ ಮನೆಗೆ ಎಸ್ಸೆಸ್ಸೆಲ್ಸಿ ವಿಜ್ಞಾನದ ಪುಸ್ತಕ ಬಂತು. ಒಂದೇ ಒಂದು. ಓದುವವರು ಇಬ್ಬರು: ನಾನು, ಮತ್ತು ಒಂಬತ್ತರಲ್ಲಿ ನಪಾಸಾಗಿ ನನ್ನ ತರಗತಿಗೇ ಬಂದು ಕೂತಿದ್ದ ಅಣ್ಣ, ದೊಡ್ಡಪ್ಪನ ಮಗ.

"ಒಂದ ಮನ್ಯಾಗ ಎರಡ ಪುಸ್ತಕ ಯಾಕ? ಮೂರ ದಿನ ಅವ ಓದಲಿ, ನಾಲ್ಕನೇ ದಿನ ನೀ ಓದು," ಎಂದರು ದೊಡ್ಡಪ್ಪ. "ನಪಾಸಾದಿ ಅಂದ್ರ ನಿನ್ನ ಸಾಲಿ ಬಂದ್. ಈಗ ಹೇಳಿರತೇನಿ."

ಅಣ್ಣನಿಗೆ ಈ ಮಾತಿಲ್ಲ. ಅವನು ನಪಾಸಾದರೆ ಮತ್ತೆ ಕಟ್ಟಲು ಅಕ್ಟೋಬರ್ ಪರೀಕ್ಷೆ ಇತ್ತು.

ಪುಸ್ತಕ ಸಿಕ್ಕ ದಿನ ಒಂದು ಪಾಠದಿಂದ ಇಪ್ಪತ್ತು ಪ್ರಶ್ನೆ ಬರೆದುಕೊಳ್ಳುತ್ತಿದ್ದೆ. ಇಲ್ಲದ ದಿನ ಉತ್ತರಗಳನ್ನು ನೆನಪಿನಿಂದಲೇ ಬರೆದು, ನಾಲ್ಕನೆಯ ದಿನ ತಿದ್ದುತ್ತಿದ್ದೆ. ಆಗಿನ ನನ್ನ ದಿನಚರಿಯಲ್ಲಿದೆ: ಹೃದಯದ ಪಾಠ, ಮೊದಲ ಸಲ ಏಳು ಸರಿ. ನಾಲ್ಕು ದಿನದ ಮೇಲೆ ಹನ್ನೆರಡು. ಮತ್ತೆ ಎಂಟು ದಿನ ಬಿಟ್ಟು ಹದಿನೇಳು. ಹದಿನಾರು ದಿನ ಬಿಟ್ಟರೂ ಹದಿನೇಳೇ. ತಲೆ ಕೆರೆದು ಹುಡುಕಿ, ಸಿಗದೆ, ಆಮೇಲೆ ನೋಡಿ ತಿದ್ದಿಕೊಂಡದ್ದು ಮತ್ತೆ ಅಳಿಸಿಹೋಗುತ್ತಿರಲಿಲ್ಲ.

ಅಣ್ಣ ಒಂದೇ ಸಂಜೆಗೆ ಅದೇ ಪಾಠವನ್ನು ಹನ್ನೊಂದು ಸಲ ಕೂಗಿ ಓದಿದ. ಎಣಿಸಿದ್ದೇನೆ. ಮರುದಿನ ಗಿಳಿಯ ಹಾಗೆ ಒಪ್ಪಿಸಿದ. ವಾರ ಕಳೆದರೆ ಹೃದಯಕ್ಕೆ ಎಷ್ಟು ಕೋಣೆ ಎಂಬುದೂ ಗೊತ್ತಿಲ್ಲ. ಆದರೂ ನನ್ನನ್ನು ಕಂಡರೆ, "ಬಂದಳ್ ನೋಡ್ರಿ, ತಲಾಟಿ ಬಾಯಿ!" ಎನ್ನುತ್ತಿದ್ದ, ಊರಿನ ಲೆಕ್ಕ ಬರೆಯುವ ತಲಾಟಿಯ ಹಾಗೆ ನಾನೂ ಎಲ್ಲದರ ಲೆಕ್ಕ ಇಡುತ್ತೇನೆಂದು.

ಡಿಸೆಂಬರಿನಲ್ಲಿ ಅವನು ರಾಮದುರ್ಗಕ್ಕೆ, ಸೋದರಮಾವನ ಮನೆಗೆ ಹೋದ. ಪುಸ್ತಕವೂ ಅವನ ಚೀಲದಲ್ಲಿ ಹೋಯಿತು. ಮೂವತ್ತೊಂದು ದಿನ. ಒಂದೇ ಸಲ ಓದಿದ್ದ ಬೆಳಕಿನ ಪಾಠವನ್ನು ನೆನಪಿನಿಂದ ಬರೆದೇ ಬರೆದೆ. ತಿದ್ದಲು ಏನೂ ಇಲ್ಲದೆ ತಪ್ಪುಗಳನ್ನೇ ಗಟ್ಟಿ ಮಾಡಿಕೊಂಡೆ. ಪುಸ್ತಕ ಮರಳಿದಾಗ ಇಪ್ಪತ್ತಕ್ಕೆ ಎರಡು. ಆಮೇಲೆ ಸಿಕ್ಕ ನಾಲ್ಕನೆಯ ದಿನಗಳೆಲ್ಲ ಬಾಕಿ ಪಾಠಗಳಿಗೇ ಹೋಗಿ, ಬೆಳಕಿನಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ಗೊಂದಲ ಹಾಗೇ ಉಳಿಯಿತು.

ಫಲಿತಾಂಶ ಬಂತು. ನಾನು ಪಾಸು, ವಿಜ್ಞಾನದಲ್ಲಿ ಅರವತ್ತೆಂಟು. ಅಣ್ಣನಿಗೆ ಇಪ್ಪತ್ತೊಂಬತ್ತು, ನಪಾಸು.

ಓಣಿಯವರಿಗೆ ಪೇಢೆ ಹಂಚುತ್ತ ದೊಡ್ಡಪ್ಪ ಹೇಳಿದರು: "ಪುಸ್ತಕ ಕೈಗೆ ಸಿಗಲಿಲ್ಲಂತನ ಇಕಿ ತಲ್ಯಾಗ ಉಳೀತು ನೋಡ್ರಿ. ಯಾರ ಬುದ್ಧಿ? ನಂದು!"

ಎಲ್ಲರೂ ನಕ್ಕರು. ನನ್ನ ಮೈ ಉರಿಯಿತು. ದಿನಚರಿ ತಂದು ಅವರೆದುರೇ ಬಿಚ್ಚಿದೆ.

"ಕೇಳ್ರಿ ದೊಡ್ಡಪ್ಪಾ. ಹೃದಯ, ಹದಿನೇಳು. ಬೆಳಕು, ಎರಡು. ಪರೀಕ್ಷಾದಾಗ ಬೆಳಕಿನ ಪ್ರಶ್ನಿ ಪೂರಾ ಖಾಲಿ ಬಿಟ್ಟು ಬಂದೇನಿ. ನಡುವ ದಿನ ಬಿಟ್ಟಿದ್ದು ಚಲೋ ಆತು, ಖರೆ. ಆದ್ರ ಅದು ಪುಸ್ತಕ ನೋಡಿ ತಿದ್ದಿಕೊಂಡಿದ್ದಕ್ಕ ಚಲೋ ಆತು. ಎಲ್ಲಿ ನೀವು ಕಸಗೊಂಡ್ರಿ, ಅಲ್ಲಿ ಮುಳುಗೇನಿ."

"ತಲಾಟಿ ಬಾಯಿ ಓದಾಕ ಹತ್ಯಾಳ," ಎಂದ ಅಣ್ಣ.

"ಹೌದೋ ಅಣ್ಣಾ. ಅಕ್ಟೋಬರಿಗೆ ನಿಮ್ಮಪ್ಪನ ಬುದ್ಧಿ ನಿನಗೂ ಹಚ್ಚೋಣು."

ಗೂಡಿನಲ್ಲಿದ್ದ ಪುಸ್ತಕವನ್ನು ನನ್ನ ಟ್ರಂಕಿಗೆ ಹಾಕಿ ಕೀಲಿ ಜಡಿದೆ.

"ಏ, ಪುಸ್ತಕ ಕೊಡು," ದೊಡ್ಡಪ್ಪನ ದನಿ ಏರಿತು.

"ನಾಲ್ಕನೇ ದಿನ ಕೊಡತೇನ್ರಿ."

ನಾಲ್ಕನೆಯ ದಿನ ಬರಲೇ ಇಲ್ಲ. ಎರಡನೆಯ ದಿನವೇ ದೊಡ್ಡಪ್ಪ ಸವದತ್ತಿಗೆ ಹೋಗಿ ಮಗನಿಗೆ ಹೊಸ ಪುಸ್ತಕ ತಂದರು. ಒಂದೇ ಮನೆಯಲ್ಲಿ ಎರಡು. ಹೋಗಿ ಬರಲು ಅವರಿಗೆ ಹಿಡಿದದ್ದು ಅರ್ಧ ದಿನ.